ದೊಡ್ಡವ್ವನ ಎದೆಗೆ ಕಾಲಿನ ನರ

ಮೊನ್ನೆ ಬೆಟಗೇರಿಯಲ್ಲಿ ಬಸ್ಸಿಳಿದ ಕೂಡಲೇ ಕೊಯ್ದಿಟ್ಟ ಕಲ್ಲಂಗಡಿಯ ತಣ್ಣನೆಯ ವಾಸನೆ ಮೂಗಿಗೆ ಬಡಿಯಿತು. ಕೈ ತಾನಾಗಿ ಜೇಬಿಗೆ ಹೋಯಿತು, ತಾನಾಗಿಯೇ ಹಿಂದಕ್ಕೂ ಬಂತು. ಡಯಾಲಿಸಿಸ್‌ಗೆ ಮಲಗಿರುವ ದೊಡ್ಡವ್ವನನ್ನು ನೋಡಲು ಹೊರಟವನು ಕಲ್ಲಂಗಡಿ ತಿಂದು ಹೋದರೆ ಅವಳು ಬಾಗಿಲಲ್ಲೇ ಪತ್ತೆ ಹಚ್ಚುತ್ತಾಳೆ.

ದೊಡ್ಡವ್ವ ನನ್ನ ಅವ್ವನ ಅಕ್ಕ. ಹುಟ್ಟಿದ್ದು ಕೊರ್ಲಹಳ್ಳಿಯಲ್ಲಿ, ತುಂಗಭದ್ರೆಯ ದಂಡೆಗೆ. ಹೊಳೆಯ ನೀರು ಕುಡಿದು ಬೆಳೆದವಳಿಗೆ ಕಿಡ್ನಿಗಳು ಕೈಕೊಟ್ಟ ಮೇಲೆ ನೀರೂ ಅಳೆದು ಕುಡಿಯುವ ಹಣೆಬರಹ ಬಂತು. ಗಂಡ, ಅಂದರೆ ನಮ್ಮ ದೊಡ್ಡಪ್ಪ, ಲಕ್ಷ್ಮೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟವನು. ಮೈಯಲ್ಲಿ ಎಷ್ಟು ನೀರು ಸೇರಿದೆಯೆಂದು ತಿಳಿಯಲು ಅವಳನ್ನು ದಿನಾ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸುತ್ತಿದ್ದ.

“ಚೀಲದ ತೂಕ ಕಳದು ಹೇಳ್ರಿ,” ಎಂದು ಅವಳು ತನ್ನ ಸೀರೆ ತೋರಿಸುವಳು.

ಅವಳೆದುರು ತಾನೂ ನೀರು ಮುಟ್ಟುವುದಿಲ್ಲವೆಂಬುದು ದೊಡ್ಡಪ್ಪನ ವ್ರತ. ಊಟದ ನಡುವೆ ಬಿಕ್ಕಳಿಕೆ ಬಂದರೂ ಮಾಳಿಗೆ ನೋಡುತ್ತ ಕೂಡುತ್ತಿದ್ದ. ಆಮೇಲೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಮುಖಕ್ಕೆ ಏನೋ ಕಳೆ ಬಂದಿರುತ್ತಿತ್ತು.

ಹೀಗಿರುವಾಗ ಒಮ್ಮೆ ಡಯಾಲಿಸಿಸ್ ನಡೆಯುತ್ತಿದ್ದಾಗಲೇ ಅವಳಿಗೆ ಎದೆ ಹಿಡಿಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬೈಪಾಸ್ ಆಗಬೇಕೆಂದರು. ದೊಡ್ಡ ಡಾಕ್ಟರರ ಜೊತೆ ಮಾತಾಡಲು ನನ್ನನ್ನು ಕರೆದೊಯ್ದರು; ನನಗೆ ಇಂಗ್ಲಿಷ್ ಬರುತ್ತದೆಂಬ ಗಾಳಿಸುದ್ದಿ ನಮ್ಮ ಬಳಗದಲ್ಲಿದೆ. ದಾರಿಯುದ್ದಕ್ಕೂ ನಾಲ್ಕಾರು ವಾಕ್ಯ ಉರು ಹೊಡೆದೆ. ಡಾಕ್ಟರು ಕಾಗದದಲ್ಲಿ ಊರು ನೋಡಿ, “ಬರ್ರಿ, ಕುಂಡ್ರಿ. ನಂದು ನಿಮ್ಮ ಮಗ್ಗಲ ಶಿರಹಟ್ಟಿನ,” ಎಂದುಬಿಟ್ಟರು. ಆ ವಾಕ್ಯಗಳು ನನ್ನ ಬಳಿ ಹೊಸದಾಗಿಯೇ ಉಳಿದಿವೆ, ಬೇಕಾದವರು ಒಯ್ಯಬಹುದು.

ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. “ಕಿಡ್ನಿ ಚಲೋ ಇದ್ದವರಿಗಿಂತ ಇವರಿಗೆ ಅಪಾಯ ಜಾಸ್ತಿ. ಗಾಯ ಮಾಯೋದೂ ತಡ. ಡಯಾಲಿಸಿಸ್ ಅಂತೂ ಮುಂದನೂ ತಪ್ಪಂಗಿಲ್ಲ. ಆದ್ರ ಹಿಂಗ ಬಿಟ್ರ ಎದಿ ಭಾಳ ದಿನ ತಡಿಯಾಂಗಿಲ್ಲ. ಕಾಲಿನ ನರ ತಗದು ಎದಿಗೆ ಜೋಡಸ್ತೀವಿ.”

ದೊಡ್ಡಪ್ಪ ಅವಳ ಚಪ್ಪಲಿ ಹಿಡಿದುಕೊಂಡು ಕೂತಿದ್ದ. ದೊಡ್ಡವ್ವ ಡಾಕ್ಟರರನ್ನು ಕೇಳಿದಳು.

“ಕಾಲಿಂದು ಎದಿಗೆ ಹಾಕಿದ್ರ ಎದಿ ನಡ್ಯಾಕ ಚಾಲೂ ಮಾಡತೈತೇನ್ರಿ? ನನ್ನ ಕಾಲು ಮೊದಲಿಂದ ಕೊರ್ಲಹಳ್ಳಿ ತವರುಮನಿ ಕಡೆನ ಓಡತಾವ.”

“ಕೊರ್ಲಹಳ್ಳಿಗೆ ಹೋಗಿ ಬರೋವಷ್ಟು ಗಟ್ಟಿ ಮಾಡಾಕ ನೋಡ್ತೀನಿ ತಾಯಿ.”

“ಬರೋದು ಆಮ್ಯಾಲೆ. ಹೋಗೋವಷ್ಟು ಮಾಡ್ರಿ, ಆತು,” ಎಂದಳು.

ಆಪರೇಷನ್ ಆಯಿತು. ಗಂಟಲಿನ ನಳಿಗೆ ತೆಗೆದ ಮೇಲೆ ಮೊದಲು ಒಳಗೆ ಹೋದವನು ನಾನು. ತುಟಿ ಒಣಗಿತ್ತು, ನೀರು ಕೇಳುತ್ತಾಳೆಂದು ಬಗ್ಗಿದೆ.

“ನಿಮ್ಮ ದೊಡ್ಡಪ್ಪಗ ಹೇಳು,” ಎಂದಳು, “ಬಚ್ಚಲದಾಗ ಕದ್ದು ನೀರು ಕುಡ್ಯೋದು ಬಿಡಂತ. ಅಡಗಿಮನ್ಯಾಗ ತಾಜಾ ನೀರೈತಿ. ನಾ ಕಣ್ಣು ಮುಚಗೋತೀನಿ.”

ಹೊರಗೆ ಬಂದು ಹೇಳಿದೆ. ದೊಡ್ಡಪ್ಪ ನಕ್ಕ, ಆಮೇಲೆ ಬಹಳ ಹೊತ್ತು ಗೋಡೆಗೆ ಮುಖ ಮಾಡಿ ನಿಂತ.

ಅವಳ ಜೊತೆಗೆ ಬೈಪಾಸ್ ಆದವರು ನಡೆದಾಡಿ ಮನೆಗೆ ಹೋದರು, ಇವಳು ಮಂಚ ಬಿಡಲಿಲ್ಲ. ಗಾಯ ಹಟ ಹಿಡಿಯಿತು, ಜ್ವರ ಏರಿತು. ಕೊನೆಗೆ ಎದ್ದಳು. ನಿಧಾನವಾಗಿ, ಬಯ್ಯುತ್ತ ಎದ್ದಳು.

ಮೊನ್ನೆ ಬೆಟಗೇರಿಯ ಡಯಾಲಿಸಿಸ್ ವಾರ್ಡಿನಲ್ಲಿ ಅವಳ ಪಕ್ಕದ ಮಂಚಕ್ಕೆ ಮುಂಡರಗಿ ಕಡೆಯ ಒಬ್ಬ ಹೊಸಬ ಬಂದಿದ್ದ. ಅವನಿಗೂ ಬೈಪಾಸ್ ಹೇಳಿದ್ದಾರಂತೆ.

“ಅವ್ವಾರ, ನೀವು ಎದ್ರಿ. ನಾನೂ ಏಳತೀನೇನ್ರಿ?”

ತಮಾಷೆ ಬರುತ್ತದೆಂದು ಕಾದೆ. ಬರಲಿಲ್ಲ.

“ನನಗ ಗೊತ್ತಿಲ್ಲಪಾ. ನಾ ಎದ್ದೀನಿ ಅಂದ್ರ ಎಲ್ಲಾರೂ ಏಳತಾರ ಅಂತಲ್ಲ. ಡಾಕ್ಟರಿಗೆ ಖರೆ ಹೇಳ್ರಿ ಅನ್ನು, ಹೇಳ್ತಾರ. ಹೊರಗ ನಿನ್ನ ಹೆಂಡ್ತಿ ಮುಂಜಾನಿಂದ ಏನೂ ತಿಂದಿಲ್ಲ. ಮೊದಲ ಅದನ್ನ ನೋಡೂನು.” ನನ್ನತ್ತ ತಿರುಗಿ, “ಏಳಲೇ, ಆಕಿನ್ನ ಕರಕೊಂಡು ಹೋಗು,” ಎಂದಳು.

ಎದ್ದೆ. ಆ ಹೆಣ್ಣುಮಗಳು ಮೊದಲು ಬೇಡವೇ ಬೇಡ ಎಂದಳು. ಎರಡನೆಯ ಪ್ಲೇಟು ಚುರುಮುರಿ ಗಿರ್ಮಿಟ್ ಮಾತ್ರ ತಾನೇ ಕೇಳಿದಳು.