ಕೆಂಪು ಹಸಿರಿನ ಎರಡು ಸಾಲು

ಆ ಎರಡು ಸಾಲುಗಳನ್ನು ತಪ್ಪಾಗಿ ಬರೆದವಳು ನಾನು. ಶಿವಪುತ್ರ ಅಲ್ಲ. ಅದು ತನ್ನದೇ ತಪ್ಪು ಎಂದು ಅವನು ಮೂವತ್ತು ವರ್ಷಕ್ಕೂ ಮೇಲಿನಿಂದ ನಂಬಿಕೊಂಡಿದ್ದಾನೆ — ಹಾಗೆ ನಂಬಲು ಬಿಟ್ಟವಳೂ ನಾನೇ.

ಎಂಬತ್ತರ ದಶಕದ ನಡುವಿನಲ್ಲಿ, ಮೈಸೂರಿನಿಂದ ಮದುವೆಯಾಗಿ ಗೋರೆಗಾಂವ್‌ಗೆ ಬಂದ ಎರಡನೆಯ ವರ್ಷ, ಅಂಧೇರಿಯಲ್ಲಿ ನಕ್ಷೆ ಬರೆಯುವ ಒಂದು ಸಣ್ಣ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ನನ್ನ ಪಕ್ಕದ ಮೇಜು ಶಿವಪುತ್ರನದು. ವಿಜಾಪುರದ ಕಡೆಯ ಹುಡುಗ, ನನಗಿಂತ ಐದಾರು ವರ್ಷ ಚಿಕ್ಕವನು. ಅಪ್ಪ ಪರೇಲ್‌ನ ಬಟ್ಟೆ ಗಿರಣಿಯಲ್ಲಿದ್ದವರು. ಗಿರಣಿ ಮುಚ್ಚಿದ ಮೇಲೆ ಚಾಳಿನ ಒಂದೇ ಕೋಣೆಯ ಐದು ಜನರಿಗೆ ಇವನ ಸಂಬಳವೇ ಗತಿ. ಅವನ ಕೈ ಎಂಥ ಕೈ ಅನ್ನುತ್ತೀರಿ! ಉಸಿರು ಹಿಡಿದು ಗೆರೆ ಎಳೆದನೆಂದರೆ ರೈಲು ಹಳಿಯೂ ಅಷ್ಟು ನೇರ ಇರುತ್ತಿರಲಿಲ್ಲ.

ಒಂದು ದಿನ ಅವನು ನಕ್ಷೆಯಲ್ಲಿ ಗೋರೆಗಾಂವ್‌ನ ಗುಡ್ಡದ ಕಾಡಿಗೆಲ್ಲ ಇಟ್ಟಿಗೆ ಬಣ್ಣ ಬಳಿದು ಕೂತಿದ್ದ. ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. ಮುಖ ಬಿಳಿಚಿಕೊಂಡಿತು.

"ಅಕ್ಕಾರ, ಇದ್ಯಾವ ಬಣ್ಣರಿ?" ಎಂದ, ಬಹಳ ಮೆಲ್ಲಗೆ.

ಕೆಂಪು ಹಸಿರು ಅವನಿಗೆ ಒಂದೇ. ಹುಟ್ಟಿನಿಂದಲೇ. ಸಾಹೇಬರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂದು ಹೇಳಿರಲಿಲ್ಲ. ಅಷ್ಟು ದಿನ ಬಾಟಲಿಗಳು ಶೆಲ್ಫಿನಲ್ಲಿರುವ ಜಾಗ ನೆನಪಿಟ್ಟುಕೊಂಡು ಬಳಿಯುತ್ತಿದ್ದನಂತೆ. ಆವತ್ತು ಯಾರೋ ಬಾಟಲಿ ಸರಿಸಿಬಿಟ್ಟಿದ್ದರು. ನಾನು ಆ ಕಾಗದ ಮಡಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ಮರುದಿನ ಎಲ್ಲ ಬಾಟಲಿಗಳ ಅಡಿಗೂ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದೆ — ಕೆಂಪಿಗೆ ಕೆಂ, ಹಸಿರಿಗೆ ಹ, ಕಂದಿಗೆ ಕಂ. ಆ ಆಫೀಸಿನಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ.

ಆರು ವರ್ಷ ಹೀಗೆ ನಡೆಯಿತು. ದಿನಕ್ಕೆ ಹತ್ತು ಸಲವಾದರೂ ಅವನು ಬಗ್ಗಿ ಕೇಳುತ್ತಿದ್ದ, ನಾನು ತಲೆಯೆತ್ತದೆ ಹೇಳುತ್ತಿದ್ದೆ. ಆ ಊರಿನಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳುತ್ತಿದ್ದರೆ ಅದು ಅವನೊಬ್ಬನೇ — ಈಗ ಅನ್ನಿಸುತ್ತದೆ.

ತೊಂಬತ್ತರ ದಶಕ ಶುರುವಾದಾಗ ಆಫೀಸಿಗೆ ಬಣ್ಣದ ಪರದೆಯ ಕಂಪ್ಯೂಟರ್ ಬಂತು. ಸಾಹೇಬರ ಪರಿಚಯದ ಪ್ರೊಫೆಸರೊಬ್ಬರು ನಕ್ಷೆ ಬರೆಯುವ ಸಾಫ್ಟ್‌ವೇರನ್ನು ಟೇಪಿನಲ್ಲಿ ತಂದುಕೊಟ್ಟರು. ಹೊರದೇಶದಲ್ಲಿ ಬರೆದದ್ದು, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ಹೇಗೆ ಬರೆದಿದ್ದಾರೆಂದು ತೆರೆದು ನೋಡಬಹುದು, ತಿದ್ದಬಹುದು. ಶಿವಪುತ್ರ ಊಟ ಬಿಟ್ಟು ಅದರ ಮುಂದೆ ಕೂತ. ಮೂರೇ ತಿಂಗಳಲ್ಲಿ ಅವನಿಗೆ ಒಂದು ಸಂಗತಿ ತಿಳಿಯಿತು — ಇಲ್ಲಿ ಬಣ್ಣವನ್ನು ನೋಡಬೇಕಾಗಿಲ್ಲ, ಬರೆದರೆ ಸಾಕು. ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂದು ಒಂದು ಸಾಲಿನಲ್ಲಿ ಮೂರು ಅಂಕಿ ಕೊಟ್ಟರೆ ಪರದೆ ತಾನೇ ಬಳಿದುಕೊಳ್ಳುತ್ತದೆ. ಅಂಕಿಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ. ಆಮೇಲೆ ಅವನು ನನ್ನನ್ನು ಕೇಳಲಿಲ್ಲ. ಒಂದು ಸಲವೂ.

ಅವನಿಗಾಗಿ ಸಂತೋಷಪಟ್ಟೆ. ನಿಜವಾಗಿಯೂ ಪಟ್ಟೆ. ಆದರೆ —

ಒಂದು ಟ್ರಸ್ಟಿನವರಿಗಾಗಿ ಅಂಧೇರಿಯ ಒಂದು ಝೋಪಡಪಟ್ಟಿಯ, ಅಂದರೆ ಕೊಳೆಗೇರಿಯ, ಕುಡಿಯುವ ನೀರಿನ ನಲ್ಲಿಗಳ ನಕ್ಷೆ ಮಾಡಬೇಕಿತ್ತು. ಒಳ್ಳೆಯ ನೀರಿನ ನಲ್ಲಿಗೆ ಹಸಿರು ಚುಕ್ಕೆ, ಕೆಟ್ಟದ್ದಕ್ಕೆ ಕೆಂಪು. ಚುಕ್ಕೆಯ ಮೇಲೆ ಮೌಸ್ ಒತ್ತಿದರೆ ಯಾವ ಗಲ್ಲಿ, ಎಷ್ಟು ಮನೆ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲ ಬರಬೇಕು. ಶಿವಪುತ್ರ ಗಲ್ಲಿಗಲ್ಲಿ ಸುತ್ತಿ ಬರೆದುಕೊಂಡು ಬಂದಿದ್ದ. ಮೊದಲ ಚುಕ್ಕೆ ಉತ್ತರ ಕೊಟ್ಟ ದಿನ ನನ್ನನ್ನು ಕರೆದು, "ಮುಟ್ಟಿದ್ರ ಮಾತಾಡ್ತೈತಿ ನೋಡ್ರಿ ಅಕ್ಕಾರ," ಎಂದು ಮಗುವಿನ ಹಾಗೆ ನಕ್ಕ.

ಟ್ರಸ್ಟಿನವರು ನೋಡಲು ಬರುವ ಹಿಂದಿನ ಸಂಜೆ ಅವನು ಬೇಗ ಹೊರಟುಹೋಗಿದ್ದ. ಪರದೆಯ ಮೇಲೆ ಆ ಚುಕ್ಕೆಗಳು ಕಣ್ಣಿಗೆ ಹೊಡೆಯುವಷ್ಟು ಗಾಢವಾಗಿದ್ದವು. ಕೆಂಪನ್ನು ಸ್ವಲ್ಪ ಮಾಗಿಸಿ ಹಸಿರನ್ನು ಎಲೆಯ ಬಣ್ಣಕ್ಕೆ ತಂದರೆ ಚೆನ್ನ ಎನ್ನಿಸಿತು. ಅಷ್ಟೇ ಎಂದರೆ ಸುಳ್ಳಾಗುತ್ತದೆ. ಅವನ ನಕ್ಷೆಯಲ್ಲಿ ನನ್ನ ಕೈಯೂ ಒಂದಿಷ್ಟು ಇರಲಿ ಎಂಬ ಆಸೆ. ಕೆಂಪಿನದೊಂದು, ಹಸಿರಿನದೊಂದು, ಎರಡು ಸಾಲು ಅಳಿಸಿ ಹೊಸ ಅಂಕಿ ಬರೆದೆ. ನಕ್ಷೆ ಮತ್ತೆ ಮೂಡಲು ನಾಲ್ಕೈದು ನಿಮಿಷ ಬೇಕಿತ್ತು. ಮನೆಯ ಪಕ್ಕದ ಬಿಲ್ಡಿಂಗಿನಲ್ಲಿ ಬಿಟ್ಟಿದ್ದ ಮಗಳನ್ನು ಕರೆದುಕೊಳ್ಳಬೇಕಿತ್ತು. ಕಾಯದೆ ಮುಚ್ಚಿ ಹೊರಟೆ.

ಮರುದಿನ ಲೋಕಲ್ ತಡವಾಯಿತು. ನಾನು ಒಳಗೆ ಬರುವಾಗ ಅತಿಥಿಗಳು ಆಗಲೇ ಕೂತಿದ್ದರು. ಶಿವಪುತ್ರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಪೆನ್ಸಿಲಿನಿಂದ ಪರದೆ ತೋರಿಸುತ್ತ, "ಯೇ ಸಬ್ ಗ್ರೀನ್ ಹೈ, ಇಧರ್ ಪಾನೀ ಅಚ್ಛಾ ಹೈ," — ಇವೆಲ್ಲ ಹಸಿರು, ಇಲ್ಲಿ ನೀರು ಚೆನ್ನಾಗಿದೆ — ಎನ್ನುತ್ತಿದ್ದ. ಅವನು ತೋರಿಸುತ್ತಿದ್ದ ಚುಕ್ಕೆಗಳೆಲ್ಲ ಕೆಂಪಾಗಿದ್ದವು. ನನ್ನ ಅಂಕಿಗಳು ಒಂದರ ಜಾಗದಲ್ಲಿ ಇನ್ನೊಂದು ಕೂತಿದ್ದವು — ಹಸಿರಿನ ಸಾಲಿನಲ್ಲಿ ಕೆಂಪಿನದು, ಕೆಂಪಿನ ಸಾಲಿನಲ್ಲಿ ಹಸಿರಿನದು.

ಅತಿಥಿಗಳಲ್ಲೊಬ್ಬರು ಸಾಹೇಬರ ಮುಖ ನೋಡಿದರು. ಸಾಹೇಬರು ಶಿವಪುತ್ರನ ಮುಖ ನೋಡಿದರು. ಅವನು ಇನ್ನೂ ತೋರಿಸುತ್ತಲೇ ಇದ್ದ.

"ಶಿವಾ, ತುಲಾ ರಂಗ್ ದಿಸತ್ ನಾಹೀತ್ ಕಾ?" — ನಿನಗೆ ಬಣ್ಣ ಕಾಣುವುದಿಲ್ಲವೇ ಎಂದು ಸಾಹೇಬರು ಕೇಳಿದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಆಗ ಹೇಳಬಹುದಿತ್ತು. ನಾನು ಬಾಗಿಲ ಬಳಿಯೇ ನಿಂತಿದ್ದೆ, ಬಾಯಿ ಇತ್ತು, ಮಾತೂ ಇತ್ತು.

"ಗಲತೀ ಮೇರಾ ಹೈ, ಸಾಬ್," ಎಂದ ಶಿವಪುತ್ರ, ತಪ್ಪು ತನ್ನದೇ ಎಂದು. ಹಾಗಾದರೆ ಇಷ್ಟು ವರ್ಷ ಹೇಗೆ ಬಣ್ಣ ಹಾಕಿದೆ ಎಂದು ಸಾಹೇಬರು ಕೇಳಿದರು. ಅವನು ನನ್ನ ಕಡೆ ನೋಡಲಿಲ್ಲ. ನೋಡಿದರೆ ನಾನು ಸಿಕ್ಕಿಬೀಳುತ್ತೇನೆಂದು ಅವನಿಗೆ ಗೊತ್ತಿತ್ತು. ನೆಲ ನೋಡಿಕೊಂಡು, "ಅಂದಾಜ್ ಸೇ," ಎಂದ. ಅಂದಾಜಿನಿಂದ.

ಸರಿಪಡಿಸಲು ಸಾಹೇಬರು ನನ್ನನ್ನು ಕಂಪ್ಯೂಟರಿನ ಕುರ್ಚಿಗೆ ಕರೆದರು. ಮುಂದೆ ನಾನು ಮಾಡಿದ್ದು ಕೈತಪ್ಪಲ್ಲ. ನನ್ನ ಅಂಕಿಗಳನ್ನು ಸರಿಯಾದ ಸಾಲಿಗೆ ಸರಿಸಿದ್ದರೂ ನಕ್ಷೆ ಸರಿಹೋಗುತ್ತಿತ್ತು. ಆದರೆ ಶಿವಪುತ್ರ ಆಮೇಲೆ ತೆರೆದು ನೋಡಿದರೆ ಅವು ತನ್ನ ಅಂಕಿಗಳಲ್ಲವೆಂದು ತಿಳಿದುಬಿಡುತ್ತಿತ್ತು. ಹಾಗಾಗಿ ಪಕ್ಕದಲ್ಲೇ ಇದ್ದ ಅವನ ನೋಟ್‌ಬುಕ್ ತೆರೆದು, ಅವನ ಅಂಕಿಗಳನ್ನೇ ನೋಡಿ ನೋಡಿ ಬರೆದೆ. ಟ್ರಸ್ಟಿನವರು ಮೆಚ್ಚಿಕೊಂಡರು. ಸಾಹೇಬರು ನನಗೆ ಥ್ಯಾಂಕ್ಸ್ ಹೇಳಿದರು.

ಸಂಜೆ ಅಂಧೇರಿ ಸ್ಟೇಷನ್ನಿನ ಸೇತುವೆಯವರೆಗೆ ಜೊತೆಯಲ್ಲೇ ನಡೆದೆವು. ಅವನು ಪರೇಲ್ ಕಡೆ ಇಳಿಯಬೇಕು, ನಾನು ಗೋರೆಗಾಂವ್ ಕಡೆ. ಮೆಟ್ಟಿಲ ಬಳಿ ನಿಂತು ಕೇಳಿದ: "ಎಲ್ಲಿ ತಪ್ಪೀತ್ರಿ ಅಕ್ಕಾರ? ಎರಡೆರಡು ಸಲ ನೋಡೀನ್ರಿ."

"ಎರಡು ಸಾಲು ಅದಲುಬದಲಾಗಿತ್ತು," ಎಂದೆ.

ಆಗಿತ್ತು. ಯಾರೂ ಮಾಡಿಲ್ಲವೆನ್ನುವ ಹಾಗೆ, ಗಾಳಿಗೆ ಕಿಟಕಿ ಬಡಿದುಕೊಂಡ ಹಾಗೆ — ಅದಲುಬದಲಾಗಿತ್ತು.

"ನಂಬರಿನ್ಯಾಗೂ ನನಗ ಬಣ್ಣ ಹತ್ತಂಗಿಲ್ಲ ಅಂದ್ರ ಮುಗೀತ್ರಿ," ಎಂದ. ಆಮೇಲೆ, "ನೀವು ಹೋಗ್ರಿ, ಕೂಸು ಕಾಯ್ತಿರ್ತೈತಿ," ಎಂದು ಮೆಟ್ಟಿಲಿಳಿದ.

ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಕಂಪ್ಯೂಟರಿನಿಂದ ತೆಗೆದರು. ಬಿಸಿಲಲ್ಲಿ ಟೇಪು ಹಿಡಿದು ರಸ್ತೆ ಅಳೆಯುವ ಕೆಲಸ ಕೊಟ್ಟರು. ಏಳೆಂಟು ತಿಂಗಳು ಮಾಡಿದ. ಮಧ್ಯಾಹ್ನ ಬಂದರೆ ಆ ಕುರ್ಚಿಯಲ್ಲಿ ಕೂತಿರುತ್ತಿದ್ದವಳು ನಾನು. ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ, ನನ್ನ ಮಗಳ ಪರೀಕ್ಷೆ ಹೇಗಾಯಿತೆಂದು ಕೇಳುತ್ತಿದ್ದ. ಆಮೇಲೆ ಪರೇಲ್‌ನ ಒಂದು ಆಸ್ಪತ್ರೆಯಲ್ಲಿ ಕೇಸ್‌ಪೇಪರ್ ಬರೆಯುವ ಗುಮಾಸ್ತನಾಗಿ ಸೇರಿಕೊಂಡನೆಂದು ಕೇಳಿದೆ. ನೀಲಿ ಶಾಯಿಯ ಕೆಲಸ. ಎಂಥ ಕೈ ಅದು — ಅದರಲ್ಲಿ ರೋಗಿಗಳ ಹೆಸರು, ವಯಸ್ಸು ಬರೆದುಕೊಂಡು ನಿವೃತ್ತನಾದ.

ನನಗೆ ಒಳ್ಳೆಯದೇ ಆಯಿತು. ಪರದೆಯ ನಕ್ಷೆಗಳು ಇಂಟರ್ನೆಟ್ಟಿಗೆ ಬಂದವು. ಅವನ್ನು ಮಾಡುವುದನ್ನು ಹುಡುಗ ಹುಡುಗಿಯರಿಗೆ ಕಲಿಸುವವಳಾದೆ. ಪ್ರತಿ ತಂಡಕ್ಕೂ ನಾನು ಹೇಳುವುದೊಂದಿದೆ: ಬಣ್ಣವೊಂದನ್ನೇ ನಂಬಬೇಡಿ, ಒಳ್ಳೆಯದಕ್ಕೆ ದುಂಡು, ಕೆಟ್ಟದ್ದಕ್ಕೆ ತ್ರಿಕೋನ ಹಾಕಿ, ಕೆಂಪು ಹಸಿರು ಬೇರೆಯಾಗಿ ಕಾಣದವರು ಇರುತ್ತಾರೆ. ಅವರು ಬರೆದುಕೊಳ್ಳುತ್ತಾರೆ. ಇದನ್ನು ಎಲ್ಲಿ ಕಲಿತಿರಿ ಎಂದು ಹೋದ ತಿಂಗಳು ಒಬ್ಬಳು ಕೇಳಿದಳು. ಅನುಭವದಿಂದ ಎಂದೆ. ಅದೂ ಅರ್ಧ ಮಾತು. ಮನೆಗೆ ಬಂದ ಮೇಲೆ ಅನ್ನ ಸೇರಲಿಲ್ಲ.

ದುಂಡು, ತ್ರಿಕೋನ ಆ ದಿನವೇ ಹಾಕಿದ್ದರೆ ಅವನಿಗೆ ಯಾರ ಕಣ್ಣೂ ಬೇಕಿರಲಿಲ್ಲ. ಆರು ವರ್ಷ ಜೊತೆಗಿದ್ದ ನನಗೆ ಅದು ಹೊಳೆಯಲಿಲ್ಲ. ಅಥವಾ ಹೊಳೆಯುವುದು ನನಗೆ ಬೇಕಿರಲಿಲ್ಲವೋ — ಗೊತ್ತಿಲ್ಲ.

ಅವನು ಈಗ ಗೋರೆಗಾಂವ್‌ನಲ್ಲೇ ಮಗಳ ಮನೆಯಲ್ಲಿದ್ದಾನಂತೆ. ನನ್ನ ಮನೆಯಿಂದ ರಿಕ್ಷಾದಲ್ಲಿ ಹತ್ತು ನಿಮಿಷ. ಭಾನುವಾರ ಬರುತ್ತೇನೆಂದು ಫೋನ್ ಮಾಡಿ ಹೇಳಿದ್ದೇನೆ, ಯಾಕೆಂದು ಹೇಳಿಲ್ಲ. "ಬರ್ರಿ ಅಕ್ಕಾರ, ಊಟಕ್ಕ ಬರ್ರಿ," ಎಂದ. ದನಿ ಹಾಗೆಯೇ ಇದೆ.

ಊಟಕ್ಕೆ ಮೊದಲೇ ಹೇಳಬೇಕು. ಅವರ ಮನೆಯ ಅನ್ನ ಉಂಡ ಮೇಲೆ ನನ್ನಿಂದಾಗುವುದಿಲ್ಲ. ಅವನು ಬೈದರೆ ಕೇಳಿಸಿಕೊಂಡು ಕೂರುತ್ತೇನೆ. ಎದ್ದು ಹೋಗೆಂದರೆ ಎದ್ದು ಬರುತ್ತೇನೆ. ನನಗೆ ಭಯವಿರುವುದು ಬೇರೆಯದಕ್ಕೆ — ನಕ್ಕು "ಬಿಡ್ರಿ ಅಕ್ಕಾರ" ಎಂದುಬಿಟ್ಟಾನು ಎಂದು. ಹಾಗೆಂದರೂ ನಾನು ಬಿಡಬಾರದು. ಅವನ ಮಗಳೂ ಅಲ್ಲೇ ಇರಬೇಕು, ಅವಳಿಗೂ ಕೇಳಿಸುವ ಹಾಗೆ, ಪೂರ್ತಿ ಹೇಳಬೇಕು.