ಕೆರೆದು ತೆಗೆದ ಚುಕ್ಕೆ

ನಾನು ಚಿಕ್ಕವಳಿದ್ದಾಗ, ಹೊಸ ಪೈಸೆ ಚಲಾವಣೆಗೆ ಬಂದ ಹೊಸದರಲ್ಲಿ, ಶಿಕಾರಿಪುರದಲ್ಲಿ ಅಪ್ಪನ ಫೋಟೋ ಸ್ಟುಡಿಯೋ ಇತ್ತು. ಆಗ ಫೋಟೋ ಮೊದಲು ಗಾಜಿನ ಹಲಗೆಯ ಮೇಲೆ ಮೂಡುತ್ತಿತ್ತು, ಬೆಳಕಿದ್ದದ್ದು ಕಪ್ಪಾಗಿ, ಕಪ್ಪಿದ್ದದ್ದು ತಿಳಿಯಾಗಿ. ಮುಖದ ಕಲೆಗಳನ್ನು ಆ ಗಾಜಿನ ಮೇಲೆಯೇ ಚಾಕುವಿನ ಮೊನೆಯಿಂದ ಕೆರೆದು, ಪೆನ್ಸಿಲ್ಲಿನಿಂದ ತಿದ್ದಿ, ಆಮೇಲೆ ಕಾಗದಕ್ಕೆ ಇಳಿಸುತ್ತಿದ್ದೆವು. ಹನ್ನೆರಡು ವರ್ಷಕ್ಕೇ ನನಗೆ ಆ ಕೆಲಸ ಕೈಹತ್ತಿತ್ತು. ಜಂಬಕ್ಕಂತೂ ಕಡಿಮೆ ಇರಲಿಲ್ಲ.

ಅಕ್ಕನಿಗೆ ಸೊರಬದ ಕಡೆಯಿಂದ ಒಂದು ಸಂಬಂಧ ಬಂತು. ವರನ ಮೊದಲ ಹೆಂಡತಿ ತೀರಿಕೊಂಡಿದ್ದಳು, ವಯಸ್ಸೂ ಅಕ್ಕನ ಎರಡರಷ್ಟು. ಅಪ್ಪ ಕೇಳಿದರೆ ಅಕ್ಕ ತಲೆ ತಗ್ಗಿಸಿ ನಿಂತಳು. ಬೇಡ ಎಂದು ಬಾಯಿಬಿಡುವ ಧೈರ್ಯ ಆಗಿನ ಹೆಣ್ಣುಮಕ್ಕಳಿಗೆ ಎಲ್ಲಿತ್ತು?

"ಬಾಯಿ ಸುಳ್ಳು ಹೇಳತೈತಿ, ಮುಖ ಹೇಳಂಗಿಲ್ಲ. ನಿಮ್ಮಕ್ಕನ ಫೋಟೋ ನೀನೇ ತೆಗಿಯವ್ವ, ನಿನ್ನ ಮುಂದೆ ನಾಚ್ಕಳಲ್ಲ. ಅದನ್ನ ನೋಡಿ ಮಾತು ಕೊಡ್ತೀನಿ" ಎಂದು ಇಬ್ಬರಿಗೂ ಕೇಳುವಂತೆ ಹೇಳಿ ಅಪ್ಪ ಅಂಜನಾಪುರಕ್ಕೆ ಹೊರಟ, ಅಲ್ಲೊಂದು ಮದುವೆ ಫೋಟೋ ಇತ್ತು.

ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದೆ. ಬೆವರಿನ ಕಮಟು ಮೂಗಿಗೆ ಬಡಿಯಿತು. ಎದುರಿನ ಗಾಜಿನಲ್ಲಿ ಅಕ್ಕ ತಲೆಕೆಳಗಾಗಿ ಕೂತಿದ್ದಳು. ಸೀರೆಯ ನೆರಿಗೆ ನೋಡಿದೆ, ಹೂದಾನಿ ನೋಡಿದೆ, ಹಿಂದಿನ ಪರದೆಯ ಸುಕ್ಕು ಕೂಡ ನೋಡಿದೆ. "ಅಲ್ಲಾಡಬ್ಯಾಡ ಮಾರಾಯ್ತಿ, ಉಸಿರು ಹಿಡಿ!" ಎಂದು ಗದರಿ ಫೋಟೋ ತೆಗೆದೆ.

ಗಾಜು ತೊಳೆದು ಒಣಗಿಸಿದಾಗ ಅಕ್ಕನ ಎಡಗಣ್ಣಿನ ಕೆಳಗೆ ಒಂದು ಕರಿ ಚುಕ್ಕೆ ಕಂಡಿತು. ಥೂ, ಇದೆಲ್ಲಿಯ ಕಲೆ! ಗಂಡಿನ ಮನೆಗೆ ಹೋಗುವ ಫೋಟೋದಲ್ಲಿ ಕಲೆ ಇರಬಾರದೆನ್ನುವುದು ನಮ್ಮ ಕಸುಬಿನ ನೇಮ. ಒಂದು ತಾಸು ಕೂತು ಗುರುತೇ ಸಿಗದಂತೆ ಕೆರೆದು ತೆಗೆದೆ.

"ಮುಖ ತಿಳಿಯಾಗೈತಿ. ಮನಸೈತಿ ಬಿಡು" ಎಂದ ಅಪ್ಪ, ಫೋಟೋ ನೋಡಿ. ಅವತ್ತೇ ಮಾತು ಕೊಟ್ಟ.

ಮದುವೆಯಾಗಿ ಆರು ತಿಂಗಳಿಗೆ ಅಕ್ಕನನ್ನು ನೋಡಲು ಸೊರಬಕ್ಕೆ ಹೋದೆ. ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು. ಗೋಡೆಯ ಮೇಲೆ ನಾನು ತೆಗೆದ ಫೋಟೋ ತೂಗುತ್ತಿತ್ತು. ಅಕ್ಕ ಅದರ ಕಣ್ಣಿನ ಕೆಳಗೆ ಬೆರಳಿಟ್ಟಳು.

"ಇಲ್ಲೊಂದು ಹನಿ ಇತ್ತು ಕಣೇ. ಅಪ್ಪ ನೋಡ್ಲಿ ಅಂತ ಒರೆಸಿರಲಿಲ್ಲ. ಏನು ಮಾಡಿದೆ ಅದನ್ನ?"

ಬೆಳಕಿಗೆ ಹೊಳೆದ ಹನಿಯೇ ಗಾಜಿನಲ್ಲಿ ಕರಿ ಚುಕ್ಕೆಯಾಗಿತ್ತು. ಅದನ್ನು ಕೆರೆದದ್ದನ್ನು ಅಪ್ಪನಿಗೆ ಕೊನೆಯವರೆಗೆ ಹೇಳಲಿಲ್ಲ. ಹೇಡಿ ನಾನು.

ನಿನ್ನೆ ನೀವು ಫೋನಿನಲ್ಲಿ ಬೆರಳಾಡಿಸಿ ನನ್ನ ಮುಖದ ಸುಕ್ಕನ್ನೆಲ್ಲ ಅಳಿಸಿ, "ಅಜ್ಜಿ, ನೋಡು ಎಷ್ಟು ಚಂದ ಇದೀಯ!" ಎಂದು ಕುಣಿದಿರಿ. ನಾನು ಸಿಡುಕಿದ್ದಕ್ಕೆ ನಿಮಗೆ ಬೇಸರವಾಯಿತು. ನಿಮಗೆ ಕ್ಷಣ ಸಾಕು ಮಕ್ಕಳೇ, ಕಾಣದಿದ್ದರೆ ಕಾಣಲಿಲ್ಲ ಎನ್ನಬಹುದು. ನಾನು ಒಂದು ತಾಸು ಅಕ್ಕನ ಮುಖದ ಮೇಲೆಯೇ ಬಗ್ಗಿ ಕೂತಿದ್ದೆ. ಅಕ್ಕನನ್ನು ನೋಡಲಿಲ್ಲ.