ಅಕ್ಕನ ಮಗಳ ಹೆಸರಲ್ಲಿ ಓದಿದವನು

ನನ್ನ ಸೋದರಮಾವ ಡ್ರೈವಿಂಗ್ ಟೆಸ್ಟ್ ಮಾಡುವ ಇನ್‌ಸ್ಪೆಕ್ಟರ್. ಲೈಸೆನ್ಸಿಗೆ ಬಂದವರು ಅವನ ಮುಖ ನೋಡಿದರೆ ಸಾಕು, ಕ್ಲಚ್ ಯಾವುದು ಬ್ರೇಕ್ ಯಾವುದು ಅನ್ನುವುದೇ ಮರೆತುಹೋಗುತ್ತದೆ. ನಗುವುದಿಲ್ಲ, ಮಾತಾಡುವುದಿಲ್ಲ, ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿದವರನ್ನು ಮುಲಾಜಿಲ್ಲದೆ ಫೇಲ್ ಮಾಡುತ್ತಾನೆ. ಹಿಡಿದರೆ ಬಿಡುವವನಲ್ಲ ಎಂದು ಟೆಸ್ಟ್ ಮೈದಾನದವರು ಅವನಿಗೆ ‘ಹ್ಯಾಂಡ್‌ಬ್ರೇಕ್’ ಎಂದು ಹೆಸರಿಟ್ಟಿದ್ದರು. ಮನೆಯಲ್ಲೂ ಅಷ್ಟೇ. ಊಟ ಮುಗಿಸಿ ಕೋಣೆಗೆ ಹೋದನೆಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ. ಪಾಪ, ಒಳಗೆ ಸಂಚಾರ ನಿಯಮ ಓದುತ್ತಿರುತ್ತಾನೆ ಎಂದು ಅಮ್ಮ ನಂಬಿದ್ದಳು.

ಅಂಥವನು ಒಂದು ಶನಿವಾರ ಮಧ್ಯಾಹ್ನ ನನ್ನ ಕ್ಲಿನಿಕ್ಕಿಗೆ ಬಂದ. ನಾನು ಹಲ್ಲಿನ ಡಾಕ್ಟರು. ರೋಗಿಗಳ ಬೆಂಚಿನ ತುದಿಯಲ್ಲಿ ಕೂತು ಕರವಸ್ತ್ರ ಹಿಂಡುತ್ತಿದ್ದವನನ್ನು ಕಂಡು, ದವಡೆ ಹಲ್ಲು ಕೈಕೊಟ್ಟಿರಬೇಕು ಅಂದುಕೊಂಡೆ.

“ಹಲ್ಲಲ್ಲ ಕಣೇ,” ಅಂದ. “ಇವತ್ತು ಸಂಜೆ ನನ್ನ ಜೊತೆ ಒಂದು ಪುಸ್ತಕದ ಅಂಗಡಿಗೆ ಬಾ. ಡ್ರ್ಯಾಗನ್ ಕಥೆ ಎಲ್ಲಾ ನೀನೇ ಓದಿದ್ದು ಅಂತ ಹೇಳಬೇಕು.”

ಬಾಯಿ ಬಿಡಿಸಿ ನೋಡುವ ಕಸುಬಿನವಳು ನಾನು. ಅವತ್ತು ನನ್ನ ಬಾಯೇ ಮುಚ್ಚಲಿಲ್ಲ.

ವಿಷಯ ಇಷ್ಟು. ಪೇಟೆಯ ಹಿಂದಿನ ಬೀದಿಯಲ್ಲಿ ಬರೀ ಮಾಯಾಲೋಕದ ಕಥೆಗಳನ್ನೇ ಮಾರುವ ಅಂಗಡಿಯೊಂದಿದೆ. ಮಾವ ಮೊದಲ ಸಲ ಹೋದಾಗ ಅಂಗಡಿಯಮ್ಮ ಸುಮ್ಮನೆ “ಯಾರಿಗೆ ಸರ್?” ಎಂದು ಕೇಳಿದ್ದಾಳೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. “ಅಕ್ಕನ ಮಗಳಿಗೆ” ಅಂದುಬಿಟ್ಟ. ಆಮೇಲೆ ಕೊಂಡದ್ದೆಲ್ಲ ನನ್ನ ಹೆಸರಿನಲ್ಲೇ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಅವನಿಂದ ಆಗಲಿಲ್ಲ. “ನಮ್ಮ ಹುಡುಗಿಗೆ ಆ ಮಾಟಗಾತಿ ಇಷ್ಟ ಆಗಲಿಲ್ಲ”, “ಕೊನೇ ಭಾಗ ಓದಿ ತುಂಬಾ ಅತ್ತಳು” ಎಂದು ಪ್ರತಿ ಸಲವೂ ವರದಿ ಒಪ್ಪಿಸಿದ್ದಾನೆ. ಇಷ್ಟು ಚೆನ್ನಾಗಿ ಓದುವ ಹುಡುಗಿಯನ್ನು ನೋಡಲೇಬೇಕು, ಶನಿವಾರದ ಓದುಗರ ಕೂಟಕ್ಕೆ ಕರೆದುಕೊಂಡು ಬನ್ನಿ ಎಂದು ಅಂಗಡಿಯಮ್ಮ ಹಟ ಹಿಡಿದಿದ್ದಳು.

“ಹೋಗಲಿ, ನಿಜ ಹೇಳಿಬಿಡು ಮಾವ.”

“ಈ ವಯಸ್ಸಲ್ಲಾ? ನಗ್ತಾರೆ ಕಣೇ. ಆಮೇಲೆ ಆ ಅಂಗಡಿ ಮೆಟ್ಟಿಲು ಹತ್ತೋದು ಹೇಗೆ? ನನಗಿರೋದು ಅದೊಂದೇ ಜಾಗ.”

ಪಾಪ ಅನ್ನಿಸಿ ಒಪ್ಪಿಕೊಂಡೆ.

ದಾರಿಯುದ್ದಕ್ಕೂ ನನಗೆ ಆ ಕಥೆಗಳ ರಾಜರ ಹೆಸರು ಉರು ಹೊಡೆಸಿದ. ಒಂದೂ ತಲೆಗೆ ಹತ್ತಲಿಲ್ಲ. ಸಿಗ್ನಲ್ಲಿನಲ್ಲಿ ಅವನ ಕಾರು ಎರಡು ಸಲ ಬಂದ್ ಬಿತ್ತು. ಹಿಂದಿನವರು ಹಾರ್ನ್ ಹೊಡೆದು ಬೈದರೂ ಅವನಿಗೆ ಕೇಳಿಸಲಿಲ್ಲ.

ಅಂಗಡಿಯ ಒಳಕೋಣೆಯಲ್ಲಿ ಪುಸ್ತಕದ ಕಪಾಟುಗಳ ನಡುವೆ ಒಂದಷ್ಟು ಜನ ಗುಂಡಗೆ ಕೂತಿದ್ದರು. ಹೊಸಬರು ಹಸಿರು ನಿಲುವಂಗಿ ಹೊದ್ದು ಎತ್ತರದ ಕುರ್ಚಿಯಲ್ಲಿ ಕೂತು ಉಳಿದವರ ಪ್ರಶ್ನೆಗೆ ಉತ್ತರ ಹೇಳಬೇಕು, ಅದು ಅಲ್ಲಿಯ ಪದ್ಧತಿ. ನನ್ನನ್ನು ಕೂರಿಸಿದರು. ಮಾವ ಬಾಗಿಲ ಬಳಿ ನಿಂತ. ಅಷ್ಟರಲ್ಲಿ ಗುಂಪಿನಲ್ಲಿದ್ದ ಒಬ್ಬ ಹುಡುಗಿ ಅವನನ್ನೇ ದಿಟ್ಟಿಸುವುದು ಕಂಡಿತು. ಅದೇ ವಾರ ಅವನು ಫೇಲ್ ಮಾಡಿದ್ದವಳಂತೆ. ಮಾವ ಕರವಸ್ತ್ರದಿಂದ ಮುಖ ಮುಚ್ಚಿಕೊಂಡ.

ಅಂಗಡಿಯಮ್ಮ ಪ್ರೀತಿಯಿಂದಲೇ ಕೇಳಿದಳು. “ಸೇತುವೆ ಕಾಯೋ ಕುರುಡು ಡ್ರ್ಯಾಗನ್, ದೊರೆಯ ಶತ್ರುವನ್ನ ಯಾಕಮ್ಮಾ ಸುಡಲಿಲ್ಲ?”

ನಾನು ಊಹೆ ಹೊಡೆದೆ. “ಕಣ್ಣು ಕಾಣಲ್ಲವಲ್ಲ... ಯಾರು ಬಂದ್ರು ಅಂತ ಗೊತ್ತಾಗಿರಲ್ಲ.”

ಯಾರೋ ಕೆಮ್ಮಿದರು. ಅಂಗಡಿಯಮ್ಮನ ಮುಖ ಬಾಡಿತು.

“ಗೊತ್ತಾಗಿತ್ತು!” ಬಾಗಿಲ ಕಡೆಯಿಂದ ಕೂಗು ಬಂತು. “ವಾಸನೆಯಿಂದಲೇ ಗೊತ್ತಾಗಿತ್ತು! ಎಲ್ಲರೂ ಹೆದರಿ ದೂರದಿಂದಲೇ ಓಡ್ತಿದ್ರು. ಹತ್ತಿರ ಬಂದು ಹೇಗಿದ್ದೀಯ ಅಂತ ಕೇಳಿದವನು ಅವನೊಬ್ಬನೇ. ಅವನನ್ನ ಹೇಗೆ ಸುಡುತ್ತೆ?”

ಎಲ್ಲರ ತಲೆಯೂ ಅತ್ತ ತಿರುಗಿತು. ತಾನೇನು ಮಾಡಿದೆ ಎಂದು ಆಮೇಲೆ ಮಾವನಿಗೆ ಹೊಳೆಯಿತು. ಬಾಗಿಲ ಚಿಲಕದ ಮೇಲೆ ಕೈ ಹೋಯಿತು.

“ಹಾಗಾದ್ರೆ ಕೊನೇ ಭಾಗ ಓದಿ ಅತ್ತವರು?” ಅಂಗಡಿಯಮ್ಮನ ದನಿಯಲ್ಲಿ ಸಿಟ್ಟಿತ್ತು.

ಮಾವ ತಲೆ ತಗ್ಗಿಸಿದ. “ನಾನೇ. ಎಲ್ಲಾ ಓದಿದ್ದು ನಾನೇ.”

ಯಾರಾದರೂ ಕಿಸಕ್ಕೆಂದಿದ್ದರೆ ಅವನು ಮತ್ತೆಂದೂ ಆ ಬೀದಿಗೆ ಕಾಲಿಡುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಆ ಫೇಲಾದ ಹುಡುಗಿ ಎದ್ದು ನಿಂತಳು.

“ನೀವು ಹೇಳಿದ್ದು ತಪ್ಪು ಸರ್. ಡ್ರ್ಯಾಗನ್‌ಗೆ ಅವನ ಮೇಲೆ ಪ್ರೀತಿ ಗೀತಿ ಏನೂ ಇಲ್ಲ. ದೊರೆ ಮೇಲೆ ಸಿಟ್ಟು, ಅಷ್ಟೇ!”

“ಏನು? ಸರಿಯಾಗಿ ಓದಿದ್ದೀರಾ ನೀವು?”

ಆಮೇಲೆ ನನ್ನನ್ನು ಕೇಳುವವರೇ ಇಲ್ಲ. ಅಂಗಡಿಯಮ್ಮ ನನ್ನ ಹೆಗಲಿಂದ ನಿಲುವಂಗಿ ಎಳೆದುಕೊಂಡು, ಎಬ್ಬಿಸಿ, ಅವನನ್ನು ಕೂರಿಸಿದಳು. ಮಾವನ ಮಾತು ನಿಲ್ಲಲೇ ಇಲ್ಲ. ಅವನ ಗಂಟಲಲ್ಲಿ ಇಷ್ಟೊಂದು ಮಾತಿದೆ ಎಂದು ಅಮ್ಮನಿಗೆ ಹೇಳಿದರೆ ನಂಬಲಿಕ್ಕಿಲ್ಲ. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ಆಕಳಿಸಿದೆ.

ವಾಪಸ್ ಬರುವಾಗ ಮತ್ತೆ ಹಳೇ ಹೆದರಿಕೆ. “ಆ ಹುಡುಗಿ ಮೈದಾನದಲ್ಲೆಲ್ಲ ಹೇಳಿಬಿಟ್ರೆ ಏನೇ ಮಾಡೋದು?”

“ಹೇಳಲಿ ಬಿಡು. ನಿನಗೆ ಅಷ್ಟು ಭಯ ಆದ್ರೆ ಮುಂದಿನ ಶನಿವಾರನೂ ನಾನೇ ಜೊತೆಗೆ ಬರ್ತೀನಿ.”

ಮಾವ ಗೇರ್ ಬದಲಿಸಿದ.

“ನೀನು ಬೇಡಮ್ಮ,” ಅಂದ. “ಓದದೆ ಬರೋರನ್ನ ಕಂಡ್ರೆ ನಮಗೆ ಆಗಲ್ಲ.”